ಬೀಗಿತ್ತಿ ತಂದ ತೊಟ್ಟಿಲು

ಸೂರ್ಯನಾರಾಯಣ ರಾಯರು ಕೌಲಾಲಂಪುರಕ್ಕೆ ಬರುವಾಗ ಕೈಚೀಲದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಎತ್ತಿ ಹಿಡಿದು ಇದೇನೆಂದು ಕೇಳಿದಾಗ, ಸ್ಟೀಲು ಅಸಲಿಯೋ ನಕಲಿಯೋ ನೋಡುವುದಕ್ಕೆ ಎಂದು ಬಹಳ ಗಂಭೀರವಾಗಿ ಹೇಳಿದರು. ಅವನು ಅವರ ಮುಖ ನೋಡಿದ, ಹಿಂದೆ ನಿಂತಿದ್ದ ಹೆಂಡತಿ ತುಳಸಿಯ ಮುಖ ನೋಡಿದ, ಆಕೆಯ ಮೇಲೆ ಕನಿಕರ ಹುಟ್ಟಿತೋ ಏನೋ, ಅಯಸ್ಕಾಂತವನ್ನು ವಾಪಸು ಕೊಟ್ಟು ಕಳಿಸಿಬಿಟ್ಟ.

ರಾಯರು ಬೆಂಗಳೂರಿನ ಒಂದು ಸೀಲಿಂಗ್ ಫ್ಯಾನ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದವರು. ಜೀವಮಾನವಿಡೀ ಅವರು ಮಾಡಿದ ಕೆಲಸವೆಂದರೆ ಬೇರೆಯವರು ಮಾಡಿದ ಕೆಲಸವನ್ನು ಬೇಡ ಅನ್ನುವುದು. ಕೆಲಸದಿಂದ ನಿವೃತ್ತಿಯಾಯಿತು, ಕಣ್ಣಿಗೆ ಮಾತ್ರ ಆಗಲಿಲ್ಲ. ಮದುವೆ ಮನೆಗೆ ಹೋದರೆ ಕುರ್ಚಿಯನ್ನು ಅಲ್ಲಾಡಿಸಿ ನೋಡದೆ ಕೂರುವವರಲ್ಲ. ಹೋಟೆಲಿನಲ್ಲಿ ಕಾಫಿಗಿಂತ ಮೊದಲು ಲೋಟದ ಅಂಚಿನ ವಿಚಾರಣೆ. ಮಗಳು ಅನನ್ಯಳಿಗೆ ಬಂದ ಗಂಡುಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ದೋಷ ಹುಡುಕಿ ವಾಪಸು ಕಳಿಸಿದ್ದರು. ಗುರುದತ್ತನ ಸಂಬಂಧ ಕುದುರಿದ್ದು ಹೇಗೆಂದರೆ, ಅವರು ಬಂದ ದಿನ ರಾಯರು ಊರಲ್ಲಿರಲಿಲ್ಲ, ತುಳಸಿಯೇ ಒಪ್ಪಿ ಎಲೆ ಅಡಿಕೆ ಕೊಟ್ಟುಬಿಟ್ಟಿದ್ದರು.

ಇಷ್ಟಾದರೂ ರಾಯರನ್ನು ಬರೀ ಕೊಂಕು ಹುಡುಕುವವರು ಅನ್ನುವ ಹಾಗಿಲ್ಲ. ಫ್ಯಾನ್ ಕಾರ್ಖಾನೆಯಲ್ಲಿ ಅವರದೊಂದು ನಿಯಮವಿತ್ತು. ಮೇಲಿನಿಂದ ನೇತಾಡುವ ಯಾವುದೇ ವಸ್ತುವಿನ ಕೊಕ್ಕೆ, ಹೊರಬೇಕಾದ ಭಾರದ ಹತ್ತರಷ್ಟನ್ನು ಹೊತ್ತು ತೋರಿಸಬೇಕು. ಹೊಸದಾಗಿ ಸೇರಿದ ಹುಡುಗರು ನಕ್ಕರೆ, "ಲೋ, ಇದನ್ನ ನಂಬಿಕೊಂಡು ಕೆಳಗಡೆ ಯಾರೋ ಮಲಗಿರ್ತಾರೆ ಕಣ್ರೋ" ಅನ್ನುತ್ತಿದ್ದರು. ಹುಡುಗರ ನಗು ಅಲ್ಲಿಗೆ ನಿಲ್ಲುತ್ತಿತ್ತು.

ಇಂಥ ರಾಯರು ಬಾಯಿ ಮುಚ್ಚಿಕೊಂಡಿರಬೇಕಾದ ಜಾಗ ಪ್ರಪಂಚದಲ್ಲಿ ಒಂದೇ ಒಂದು, ಬೀಗರ ಮುಂದೆ. ಹೆಣ್ಣು ಕೊಟ್ಟವರು ನಾವು, ಗಂಡಿನ ಕಡೆಯವರು ಕೊಟ್ಟಿದ್ದಕ್ಕೆ ಹೆಸರಿಡಬಾರದು ಎಂದು ತುಳಸಿ ವಿಮಾನದಲ್ಲೇ ಪಾಠ ಮಾಡಿದ್ದರು. "ಬೀಗಿತ್ತಿ ಏನೇ ಕೊಡ್ಲಿ, ಎರಡು ಕೈಯಲ್ಲಿ ಇಸ್ಕೊಂಡು 'ಬಹಳ ಚೆನ್ನಾಗಿದೆ' ಅನ್ನಿ. ಮೂರನೇ ಮಾತು ಬೇಡ. ಬಾಳೋದು ನಮ್ಮ ಮಗಳು ರೀ." ರಾಯರು ತಲೆಯಾಡಿಸಿದ್ದರು. ಬೀಗಿತ್ತಿ ಚಾಮುಂಡಮ್ಮನವರ ಪ್ರೀತಿಯ ಅಂಗಡಿ ಯಾವುದೆಂದು ಆಗ ಅವರಿಗೆ ಗೊತ್ತಿರಲಿಲ್ಲ.

ಅಳಿಯನ ಮನೆ ಬ್ರಿಕ್‌ಫೀಲ್ಡ್ಸಿನ ಒಂದು ಎತ್ತರದ ಕಟ್ಟಡದಲ್ಲಿ. ಕೆಳಗಿಳಿದರೆ ಹೂವಿನ ಅಂಗಡಿ, ಸೀರೆ ಅಂಗಡಿ, ಅವುಗಳ ಪಕ್ಕದಲ್ಲೇ ಎರಡು ರಿಂಗಿಟ್ ಅಂಗಡಿ. ಬೋರ್ಡಿನಲ್ಲಿ ಎಲ್ಲವೂ ಎರಡು ರಿಂಗಿಟ್ ಎಂದು ಬರೆದಿದ್ದರೂ, ಒಳಗೆ ಆ ಬೆಲೆಗೆ ಸಿಗುತ್ತಿದ್ದುದು ಬಟ್ಟೆ ಒಣಗಿಸುವ ಕ್ಲಿಪ್ಪು ಮತ್ತು ಹಲ್ಲುಕಡ್ಡಿ ಮಾತ್ರ. ಉಳಿದದ್ದೆಲ್ಲ ಅಲ್ಲಿಂದ ಮೇಲಕ್ಕೆ. ಆದರೂ ಬೇರೆ ಕಡೆಗೆ ಹೋಲಿಸಿದರೆ ಪುಗಸಟ್ಟೆಯೇ. ಮೊಮ್ಮಗಳ ನಾಮಕರಣಕ್ಕೆಂದು ರಾಜಾಜಿನಗರದಿಂದ ಬಂದಿಳಿದ ಚಾಮುಂಡಮ್ಮ, ಬೆಳಗ್ಗೆ ದೇವರಿಗೆ ದೀಪ ಹಚ್ಚಿದರೆ ಮುಂದಿನ ಕೆಲಸ ಆ ಅಂಗಡಿಗೆ ಒಂದು ಸುತ್ತು ಹಾಕುವುದು. ಬರಿಗೈಯಲ್ಲಿ ಬಂದ ದಿನವೇ ಇಲ್ಲ.

ತಂದದ್ದು ಮೊದಲು ಬರುತ್ತಿದ್ದುದು ರಾಯರ ಮುಂದಕ್ಕೆ.

"ಬೀಗರೇ, ಹೇಗಿದೆ ನೋಡಿ."

"ಬಹಳ ಚೆನ್ನಾಗಿದೆ ಬೀಗಿತ್ತಿಯವರೇ."

ಹಾಗೆ ಅನ್ನಿಸಿಕೊಂಡವುಗಳಲ್ಲಿ ಒಂದು ನಿಂಬೆಹಣ್ಣು ಹಿಂಡುವ ಯಂತ್ರ. ಮೊದಲ ದಿನವೇ ಅದರ ಹಿಡಿ ಮುರಿಯಿತು, ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಇನ್ನೊಂದು ಕಾಲೊರಸು, ನೀರು ತಾಗಿದ್ದೇ ತಡ ಬಣ್ಣ ಬಿಟ್ಟು, ಮನೆ ಮಂದಿಯ ಪಾದಗಳೆಲ್ಲ ಮದುವೆ ಹೆಣ್ಣಿನ ಪಾದಗಳಾದವು. ಛತ್ರಿಯನ್ನಂತೂ ಕೇಳುವುದೇ ಬೇಡ, ಬಿಚ್ಚಲು ಬರುತ್ತಿತ್ತು, ಮಡಿಸಲು ಬರುತ್ತಿರಲಿಲ್ಲ. ಗುರುದತ್ತ ಅದನ್ನು ಬಿಚ್ಚಿದಂತೆಯೇ ಹಿಡಿದುಕೊಂಡು ಲಿಫ್ಟಿನೊಳಗೆ ನಿಂತಿದ್ದನ್ನು ರಾಯರು ಕಣ್ಣಾರೆ ಕಂಡಿದ್ದರು. ಎಲ್ಲದಕ್ಕೂ ಅವರು ಹಲ್ಲು ಕಚ್ಚಿಕೊಂಡು ಬಹಳ ಚೆನ್ನಾಗಿದೆ ಅಂದರು, ಆಮೇಲೆ ಬಚ್ಚಲು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಯಸ್ಕಾಂತ ಹಚ್ಚಿ ನೋಡಿದರು.

ರಾಯರಿಗೆ ಇದಕ್ಕಿಂತ ಹೆಚ್ಚು ಹಿಂಸೆಯಾದ ಸಂಗತಿ ಬೇರೆಯೇ ಇತ್ತು. ಅದೇ ಅಂಗಡಿಯ ಸಿಪ್ಪೆ ಹೆರೆಯುವ ಚಾಕು ಆಲೂಗೆಡ್ಡೆಯ ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗೆ ಸುಲಿಯುತ್ತಿತ್ತು. ಗೋಡೆಗೆ ಅಂಟಿಸಿದ ಕೊಕ್ಕೆ ಒದ್ದೆ ಟವೆಲುಗಳನ್ನೆಲ್ಲ ಹೊತ್ತುಕೊಂಡು ಜಪ್ಪಯ್ಯ ಅನ್ನದೆ ನಿಂತಿತ್ತು. ರಾಯರು ಪ್ರತಿದಿನ ಅದನ್ನು ಒಮ್ಮೆ ಎಳೆದು ನೋಡಿ, ಬೀಳಲಿಲ್ಲವಲ್ಲ ಎಂದು ಬೇಸರಪಟ್ಟುಕೊಳ್ಳುತ್ತಿದ್ದರು.

ಈ ನಡುವೆ ತೊಟ್ಟಿಲಿನ ತಾಪತ್ರಯ ಶುರುವಾಯಿತು.

ಮೊದಲ ಮಗುವಿನ ತೊಟ್ಟಿಲು ತಾಯಿಯ ತವರಿನಿಂದ ಬರಬೇಕು. ಅದು ರಾಯರ ಹಕ್ಕು, ಮರ್ಯಾದೆಯೂ ಹೌದು. ಅದಕ್ಕಾಗಿ ಶ್ರೀರಂಗಪಟ್ಟಣದ ಸುಬ್ರಾಯಾಚಾರಿಯ ಹತ್ತಿರ ಹಲಸಿನ ಮರದ ತೊಟ್ಟಿಲು ಮಾಡಿಸಿದ್ದರು. ಒಂದೇ ಒಂದು ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಅದನ್ನು ಹಡಗಿಗೆ ಹಾಕುವಾಗ ಸರಕು ಕಳಿಸುವವನು, ಮರದ ಸಾಮಾನಿಗೆ ಹುಳ ಸಾಯುವ ಹೊಗೆ ಹಾಕಿಸಬೇಕು, ಇಲ್ಲದಿದ್ದರೆ ಆ ಕಡೆ ಬಿಡುವುದಿಲ್ಲ ಎಂದ. ರಾಯರು ಕೆಂಡವಾದರು. ವಿಷದ ಹೊಗೆ ಕುಡಿದ ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಮಲಗಬೇಕೇ? ಅದೆಲ್ಲ ಬೇಡ, ಏನಾದರೂ ನನ್ನದೇ ಜವಾಬ್ದಾರಿ ಎಂದು ರುಜು ಹಾಕಿ ಕಳಿಸಿದರು. ತೊಟ್ಟಿಲು ಸಮುದ್ರ ದಾಟಿ ಕ್ಲಾಂಗ್ ಬಂದರಿಗೆ ಬಂತು, ಬಂದದ್ದು ಅಲ್ಲೇ ಕುಳಿತಿತು.

ಅಳಿಯ ಗುರುದತ್ತನ ನೌಕರಿ ಅದೇ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ. ದಿನವೂ ಊರವರ ಕಂಟೇನರುಗಳನ್ನೆಲ್ಲ ಬಿಡಿಸುವವನಿಗೆ ಮಾವನ ತೊಟ್ಟಿಲು ಬಿಡಿಸಲಾಗಲಿಲ್ಲ.

"ಮಾವ, ಒಂದು ಫೋನ್ ಮಾಡಿ ನನ್ನ ಕೇಳಿದ್ರೆ ಆಗ್ತಿತ್ತು," ಎಂದ, ಆದಷ್ಟು ಮೆತ್ತಗೆ. "ಈಗ ಹುಳ ಸಾಯೋಕೆ ಅದನ್ನ ಬಿಸಿ ಕೋಣೇಲಿ ಇಟ್ಟು ತೆಗೀಬೇಕಂತೆ. ಕ್ಯೂ ಇದೆ. ನಾಮಕರಣದೊಳಗೆ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಲಾ."

ಈ ಊರಿನವರು ಮಾತಿನ ಕೊನೆಗೆಲ್ಲ ಅಂಟಿಸುವ ಆ 'ಲಾ' ಕೇಳಿದರೆ ರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದೊಡ್ಡ ಅನಾಹುತವನ್ನು ಎಷ್ಟು ಹಗುರವಾಗಿ ಮುಗಿಸಿಬಿಡುತ್ತದೆ ಆ ಅಕ್ಷರ.

ಮಗುವಿಗೆ ಇದಾವುದೂ ಬೇಕಿರಲಿಲ್ಲ. ಅದಕ್ಕೆ ನಿದ್ದೆ ಬರುತ್ತಿದ್ದುದು ಯಾರದಾದರೂ ಹೆಗಲ ಮೇಲೆ ಮಾತ್ರ, ಹಾಸಿಗೆಗೆ ಬೆನ್ನು ತಾಗಿದರೆ ಸಾಕು ಕಟ್ಟಡಕ್ಕೆಲ್ಲ ಕೇಳುವಂತೆ ಕಿರುಚುತ್ತಿತ್ತು. ಸರದಿಯ ಮೇಲೆ ಎಲ್ಲರೂ ಎತ್ತಿಕೊಂಡು ತಿರುಗಿ, ಮನೆಯಲ್ಲಿ ನೆಟ್ಟಗೆ ನಿದ್ದೆ ಕಂಡವರೇ ಇರಲಿಲ್ಲ. ಅನನ್ಯಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಅದನ್ನು ನೋಡಿದಾಗಲೆಲ್ಲ ರಾಯರಿಗೆ, ಆ ತೊಟ್ಟಿಲು ಬಂದಿದ್ದರೆ ನನ್ನ ಮಗಳು ಒಂದು ಗಳಿಗೆ ಮಲಗುತ್ತಿದ್ದಳಲ್ಲ ಅನ್ನಿಸುತ್ತಿತ್ತು.

ನಾಮಕರಣಕ್ಕೆ ಎರಡು ದಿನ ಇದೆ ಅನ್ನುವಾಗ, ಚಾಮುಂಡಮ್ಮ ಅಂಗಡಿಯಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಬಂದರು. ಬಿಚ್ಚಿದರೆ ನಾಲ್ಕಾರು ಕಬ್ಬಿಣದ ಕೊಳವೆ, ಒಂದು ದಪ್ಪ ಸ್ಪ್ರಿಂಗು, ಒಂದು ಕೊಕ್ಕೆ, ಹೂವಿನ ಚಿತ್ತಾರದ ಬಟ್ಟೆ. ಕಾಫಿ ಕುದಿಯುವಷ್ಟರಲ್ಲಿ ಜೋಡಿಸಿ ನಿಲ್ಲಿಸಿಯೂ ಬಿಟ್ಟರು. ಕೊಳವೆಗಳ ಚೌಕಟ್ಟು, ಅದರ ನೆತ್ತಿಯಿಂದ ಸ್ಪ್ರಿಂಗು, ಸ್ಪ್ರಿಂಗಿನಿಂದ ಜೋಲಿ. ನಮ್ಮ ಕಡೆಯ ಸೀರೆ ಜೋಲಿಗೆ ಸ್ಪ್ರಿಂಗು ಸಿಕ್ಕಿಸಿದ ಹಾಗೆ.

"ಈ ದೇಶದಲ್ಲಿ ಮಲಾಯರ ಮನೇಲೂ ಇದೇ, ಚೀನಾದವ್ರ ಮನೇಲೂ ಇದೇ, ತಮಿಳ್ರ ಮನೇಲೂ ಇದೇ ಅಂತೆ," ಎಂದರು ಚಾಮುಂಡಮ್ಮ. "ತೂಗೋದೂ ಬೇಡ. ಒಂದ್ಸಲ ಎಳೆದುಬಿಟ್ರೆ ತಾನೇ ಕುಣೀತಿರುತ್ತೆ. ಬೀಗರೇ, ಹೇಗಿದೆ?"

ಎಲ್ಲರೂ ರಾಯರ ಕಡೆ ನೋಡಿದರು. ತುಳಸಿ ಕಣ್ಣಲ್ಲೇ ಹೇಳಿಕೊಟ್ಟರು. ರಾಯರು ಬಾಯಿ ತೆರೆದರು, ಆದರೆ ಬಹಳ ಚೆನ್ನಾಗಿದೆ ಎಂಬ ಮಾತು ಗಂಟಲಿನಿಂದ ಈಚೆಗೆ ಬರಲಿಲ್ಲ. ಇದು ನಿಂಬೆಹಣ್ಣಿನ ಯಂತ್ರವಲ್ಲ, ಕಾಲೊರಸಲ್ಲ. ನೇತಾಡುವ ವಸ್ತು, ಒಳಗೆ ಮಲಗುವವಳು ಮೊಮ್ಮಗಳು.

"ಒಂದ್ಸಲ ನೋಡ್ಬಿಡ್ತೀನಿ ಬೀಗಿತ್ತಿಯವರೇ. ಆಮೇಲೆ ಮಗು ಮಲಗಿಸೋಣ."

ತುಳಸಿ ಹಣೆ ಹಣೆ ಚಚ್ಚಿಕೊಂಡರು. ಚಾಮುಂಡಮ್ಮನ ಮುಖ ಸ್ವಲ್ಪ ಸಣ್ಣಗಾಯಿತು, ಮರುಗಳಿಗೆ ತುಟಿಯಂಚಿನಲ್ಲಿ ನಗು ಬಂತು.

"ನೋಡಿ, ಧಾರಾಳವಾಗಿ ನೋಡಿ. ಇದು ಬಿದ್ರೆ ನಾನು ಇನ್ನು ಆ ಅಂಗಡಿ ಬಾಗಿಲು ತುಳಿಯಲ್ಲ. ಬೀಳ್ಲಿಲ್ಲ ಅಂದ್ರೆ, ನಾಮಕರಣಕ್ಕೆ ಬಂದೋರ ಮುಂದೆಲ್ಲ ನೀವೇ ಬಾಯಿಬಿಟ್ಟು ಹೇಳ್ಬೇಕು, ಇದು ಬೀಗಿತ್ತಿ ತಂದ ತೊಟ್ಟಿಲು ಅಂತ. ಆಗ್ಬಹುದಾ?"

ಆಗಬಹುದು ಅಂದರು ರಾಯರು. ಅಂದಮೇಲೆ ಅದರ ಅರ್ಥ ಹೊಳೆಯಿತು. ತವರಿನವರು ತೊಟ್ಟಿಲು ತರಲಿಲ್ಲ, ಗಂಡಿನ ಕಡೆಯವರೇ ತಂದರು ಎಂದು ತುಂಬಿದ ಮನೆಯಲ್ಲಿ ತನ್ನ ಬಾಯಿಂದ ತಾನೇ ಹೇಳುವುದೆಂದರೆ! ಇದು ಬೀಳಲೇಬೇಕು, ಅಥವಾ ಬಂದರಿನಿಂದ ಅದು ಬರಲೇಬೇಕು.

ಮರುದಿನ ಮಧ್ಯಾಹ್ನ ಅನನ್ಯ, ಗುರುದತ್ತ ಮಗುವನ್ನು ಡಾಕ್ಟರಿಗೆ ತೋರಿಸಲು ಹೋದರು. ಬೀಗಿತ್ತಿಯರಿಬ್ಬರೂ ಹೂವು, ವೀಳ್ಯದೆಲೆ ತರಲು ಇಳಿದರು. ಮನೆಯಲ್ಲಿ ರಾಯರು ಮತ್ತು ತೊಟ್ಟಿಲು.

ರಾಯರು ಪಂಚೆ ಎತ್ತಿ ಕಟ್ಟಿದರು. ಕೊಳವೆಗೆ ಅಯಸ್ಕಾಂತ ಹಚ್ಚಿದರು, ಕೊಕ್ಕೆಯನ್ನು ಚಮಚದಿಂದ ಬಡಿದು ದನಿ ಕೇಳಿದರು. ಆಮೇಲೆ ಭಾರದ ಪರೀಕ್ಷೆ. ಮಗುವಿನ ತೂಕದ ಹತ್ತರಷ್ಟು. ಅಕ್ಕಿ ಚೀಲ ಇಟ್ಟರು, ಸಾಲದು. ಅದರ ಮೇಲೆ ಗೋಧಿಹಿಟ್ಟಿನ ಚೀಲ, ಬೇಳೆ, ಬೆಲ್ಲ ಎಲ್ಲ ಒಟ್ಟಿ ಲೆಕ್ಕ ಹಾಕಿದರು, ಆಗಲೂ ಸಾಲದು. ಮನೆಯಲ್ಲಿ ಅಷ್ಟು ಭಾರದ ವಸ್ತು ಬೇರೇನಿದೆ ಎಂದು ಸುತ್ತಲೂ ನೋಡಿದರು. ರಾಯರದು ಮೊದಲಿನಿಂದಲೂ ಕಡ್ಡಿ ಶರೀರ. ಬೇಕಾದ ಭಾರ ಹೆಚ್ಚುಕಡಿಮೆ ಸ್ವತಃ ರಾಯರಷ್ಟೇ ಎಂಬುದು ಹೊಳೆದಾಗ, ಅವರು ಒಂದು ಕ್ಷಣವೂ ಹಿಂದೆಮುಂದೆ ನೋಡದೆ ಚೀಲಗಳನ್ನೆಲ್ಲ ಕೆಳಗಿಳಿಸಿದರು. ಕಾರ್ಖಾನೆಯಲ್ಲಾದರೆ ಈ ಭಾಗ್ಯ ಸಿಗುತ್ತಿತ್ತೇ?

ಹಿಂಭಾಗವನ್ನು ಮೊದಲು ಇಳಿಸಿ, ಆಮೇಲೆ ಕಾಲು ಎತ್ತಿಕೊಂಡರು. ಸ್ಪ್ರಿಂಗು 'ಕುಂಯ್' ಎಂದು ಇಳಿಯಿತು, ಇಳಿಯಿತು, ಇನ್ನೇನು ನೆಲ ಮುಟ್ಟಿತು ಅನ್ನುವಾಗ ಗೇಣುದ್ದ ಮೇಲೆ ನಿಂತುಬಿಟ್ಟಿತು. ಜೋಲಿಯ ಬಟ್ಟೆ ಎರಡು ಕಡೆಯಿಂದಲೂ ಬಂದು ಮುಖದ ಮೇಲೆ ಮುಚ್ಚಿಕೊಂಡಿತು. ಮಂಡಿ ಗದ್ದಕ್ಕೆ ಬಂದಿತ್ತು. ಎದ್ದೇಳೋಣವೆಂದರೆ ಹಿಡಿಯಲು ಏನೂ ಸಿಗಲಿಲ್ಲ, ಒದ್ದಾಡಿದಷ್ಟೂ ಜೋಲಿ ಕುಣಿಯಿತು.

ಕೂಗೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಯಾರಾದರೂ ಇದ್ದಿದ್ದರೆ ಕೂಗುವ ಹಾಗೂ ಇರಲಿಲ್ಲ. ಸರಿ, ಹೇಗೂ ಸಿಕ್ಕಿಕೊಂಡಾಗಿದೆ, ಪರೀಕ್ಷೆಯಾದರೂ ಮುಗಿಯಲಿ ಎಂದು ರಾಯರು ಕಿವಿಗೊಟ್ಟರು. ಚೌಕಟ್ಟು ಬಾಗಿಲ್ಲ. ಕೊಕ್ಕೆ ಬಾಯಿ ಬಿಟ್ಟಿಲ್ಲ. ಹೊಲಿಗೆ ಹರಿದ ಸದ್ದಿಲ್ಲ. ಮೇಲೆ, ಕೆಳಗೆ. ಮೇಲೆ, ಕೆಳಗೆ. ಬಟ್ಟೆಯ ಹೂವುಗಳ ಮೂಲಕ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ಎಷ್ಟೋ ದಿನದ ನಿದ್ದೆ ಬಾಕಿ ಇದ್ದ ಮುದುಕ, ಕೊಕ್ಕೆಯ ಬಗ್ಗೆ ಇನ್ನೊಂದು ಆಕ್ಷೇಪಣೆ ಹುಡುಕುತ್ತ ಹುಡುಕುತ್ತ ಕಣ್ಣು ಮುಚ್ಚಿದರು.

ಬೀಗಿತ್ತಿಯರು ಬಾಗಿಲು ತೆಗೆದು ಬಂದಾಗ ಕಂಡದ್ದು, ಜೋಲಿಯಿಂದ ಈಚೆ ಚಾಚಿದ ಎರಡು ಪಾದಗಳು. ಒಳಗಿನಿಂದ ಗೊರಕೆ.

"ಅಯ್ಯೋ ನಮ್ಮ ಮನೆಯೋರು!" ಎಂದರು ತುಳಸಿ, ಕೈಯಲ್ಲಿದ್ದ ಮಲ್ಲಿಗೆ ನೆಲಕ್ಕೆ ಬಿತ್ತು.

ಚಾಮುಂಡಮ್ಮ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಚಪ್ಪಲಿ ಕಳಚಿ ಮೆಲ್ಲಗೆ ಹತ್ತಿರ ಬಂದು, ಜೋಲಿಯನ್ನು ಒಂದು ಸಲ ಹದವಾಗಿ ಎಳೆದು ಬಿಟ್ಟು, "ಜೋ ಜೋ" ಅಂದರು. ತುಳಸಿ ಸೆರಗನ್ನು ಬಾಯಿಗೆ ತುರುಕಿಕೊಂಡು ಫೋನಿನಲ್ಲಿ ಫೋಟೋ ತೆಗೆದರು. ಕಟ್ಟಿಕೊಂಡ ಗಂಡನ ಮೇಲೆ ಅಷ್ಟು ದಯೆಯೂ ಬೇಡವೇ ಎಂದು ರಾಯರು ಆಮೇಲೆ ಕೇಳಿದರು. ಬೇಡ ಅಂದರು ತುಳಸಿ.

ಇಬ್ಬರೂ ಸೇರಿ ಎಳೆದು ಹೊರಗೆ ತೆಗೆದಾಗ ರಾಯರ ಮುಖ ಕೆಂಪಗಾಗಿತ್ತು. ಜೋಲಿ ಬರಿದಾದರೂ ಸ್ಪ್ರಿಂಗು ಮೇಲಕ್ಕೆ ಹೋಗಲಿಲ್ಲ, ಬಿಚ್ಚಿಕೊಂಡದ್ದು ಹಾಗೇ ಜೋತು ಬಿದ್ದಿತ್ತು.

"ಸ್ಪ್ರಿಂಗು ಸತ್ತಿದೆ," ಎಂದರು ರಾಯರು.

"ಸಾಯಿಸಿದೋರು ಯಾರು?" ಎಂದರು ಚಾಮುಂಡಮ್ಮ. "ಬಿತ್ತಾ ಬೀಗರೇ? ಅದೊಂದು ಹೇಳಿ. ಬಿತ್ತಾ?"

ಸುಳ್ಳು ಹೇಳಬಹುದಿತ್ತು. ಸ್ಪ್ರಿಂಗು ಕೈಕೊಟ್ಟಿತು, ನಾನು ಗೆದ್ದೆ ಅನ್ನಬಹುದಿತ್ತು. ಆದರೆ ಪರೀಕ್ಷೆಯ ವಿಷಯದಲ್ಲಿ ರಾಯರ ನಾಲಿಗೆ ಆ ಕಡೆ ಹೊರಳುವುದಿಲ್ಲ.

"ಬೀಳ್ಲಿಲ್ಲ. ಪಾಸು," ಎಂದರು. ಆ ಮಾತು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. "ಆದ್ರೆ ಇದರಲ್ಲಿ ಮಗು ಮಲಗಿಸೋ ಹಾಗಿಲ್ಲ. ಕಾರ್ಖಾನೇಲಿ ಪರೀಕ್ಷೆ ಮಾಡಿದ್ದನ್ನ ನಾವು ಮಾರ್ತಿರಲಿಲ್ಲ, ಅದೇ ರಾಶಿಯ ಇನ್ನೊಂದು ಕೊಡ್ತಿದ್ವಿ. ನಡೀರಿ, ಇನ್ನೊಂದು ತರೋಣ. ನಾನೂ ಬರ್ತೀನಿ."

ಹೀಗೆ ಸೂರ್ಯನಾರಾಯಣ ರಾಯರು ಎರಡು ರಿಂಗಿಟ್ ಅಂಗಡಿಯ ಹೊಸ್ತಿಲು ದಾಟಿದರು.

ತೊಟ್ಟಿಲುಗಳು ಹಿಂದಿನ ಮೂಲೆಯಲ್ಲಿದ್ದವು. ರಾಯರು ಒಂದೊಂದೇ ಪೆಟ್ಟಿಗೆ ಬಿಚ್ಚಿಸಿದರು. ಒಂದರ ಕೊಕ್ಕೆಯ ಬೆಸುಗೆ ಸರಿಯಿಲ್ಲ, ಪಕ್ಕಕ್ಕೆ. ಇನ್ನೊಂದರ ಸ್ಪ್ರಿಂಗಿನ ಸುರುಳಿ ಒಂದು ಕಡೆ ಹತ್ತಿರ, ಒಂದು ಕಡೆ ದೂರ, ಅದೂ ಪಕ್ಕಕ್ಕೆ. ಮತ್ತೊಂದನ್ನು ಚಮಚದಿಂದ ಬಡಿದು ಕಿವಿಗಿಟ್ಟು ಕೇಳಿ ತಲೆದೂಗಿದರು. ಕೌಂಟರಿನಲ್ಲಿದ್ದ ತಲೆವಸ್ತ್ರದ ಹುಡುಗಿ ಮೊದಲು ಗಾಬರಿಯಾಗಿ ನೋಡಿದಳು, ಆಮೇಲೆ ನಗುತ್ತ ಹತ್ತಿರ ಬಂದು ಪೆಟ್ಟಿಗೆ ಹಿಡಿದುಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ಅಯಸ್ಕಾಂತ ಈಚೆಗೆ ಬಂದದ್ದನ್ನು ನೋಡಿದ ಒಬ್ಬ ಚೀನೀ ಅಜ್ಜಿ ತನ್ನ ಬುಟ್ಟಿಯಿಂದ ಬಾಣಲೆ ತೆಗೆದು ರಾಯರ ಮುಂದೆ ಹಿಡಿದಳು. ರಾಯರು ಬಾಣಲೆ ಬಡಿದು, ಹಿಡಿ ಅಲ್ಲಾಡಿಸಿ, ಬೇಡ ಎಂದು ಕೈಯಾಡಿಸಿ, ರಾಶಿಯಿಂದ ಬೇರೊಂದು ಆರಿಸಿ ಕೊಟ್ಟರು. ಅಜ್ಜಿಯ ಹಿಂದೆ ಒಬ್ಬ ತಮಿಳು ಹೆಂಗಸು ಇಡ್ಲಿ ಪಾತ್ರೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಇನ್ನೊಬ್ಬರು. ನೋಡುತ್ತಿದ್ದಂತೆ ಒಂದು ಸಾಲೇ ಆಗಿಬಿಟ್ಟಿತು. ಚಾಮುಂಡಮ್ಮ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ತಮಗೆ ಬರುವ ತಮಿಳಿನಲ್ಲಿ, ನಮ್ಮ ಸಂಬಂಧಿಗಳು, ದೊಡ್ಡ ಇನ್ಸ್‌ಪೆಕ್ಟರು ಎಂದು ಎಲ್ಲರಿಗೂ ಹೇಳುತ್ತಿದ್ದರು.

ಎಷ್ಟೋ ವರ್ಷದಿಂದ ರಾಯರನ್ನು ಯಾರೂ ಹೀಗೆ ಸಾಲುಗಟ್ಟಿ ಏನನ್ನೂ ಕೇಳಿರಲಿಲ್ಲ. ಅವರಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಅಂಗಡಿಯ ಗುಟ್ಟೂ ತಿಳಿಯಿತು. ಇಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಎರಡೂ ಒಂದೇ ರಾಶಿಯಲ್ಲಿವೆ. ದುಬಾರಿ ಅಂಗಡಿಯವನು ತನ್ನಂಥವನೊಬ್ಬನಿಗೆ ಸಂಬಳ ಕೊಟ್ಟು ಬೇರೆ ಮಾಡಿಸುತ್ತಾನೆ, ಇವನು ಆ ಕೆಲಸವನ್ನು ಗಿರಾಕಿಗೇ ಬಿಟ್ಟು ಬೆಲೆ ಇಳಿಸಿದ್ದಾನೆ. ಇಷ್ಟೇ ಸಂಗತಿಗೆ ಬಚ್ಚಲು ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಷ್ಟು ದಿನ ಹೊಟ್ಟೆ ಉರಿಸಿಕೊಂಡೆನಲ್ಲ ಅಂದುಕೊಂಡರು.

ಬರುವಾಗ ಚಾಮುಂಡಮ್ಮ ಕಲ್ಲಿನ ಒಂದು ಕುಟ್ಟಾಣಿಯನ್ನೂ ಬುಟ್ಟಿಗೆ ಹಾಕಿದರು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಅದನ್ನೇ ಗುಂಡಪ್ಪ ಎಂದು ಕರೆದು ಮೊದಲು ಮಲಗಿಸುತ್ತಾರಲ್ಲ, ಅದಕ್ಕೆ. ಮಿಕ್ಸಿಯ ಮನೆಯಲ್ಲಿ ಗುಂಡುಕಲ್ಲು ಎಲ್ಲಿಂದ ಬರಬೇಕು? ರಾಯರು ಅಯಸ್ಕಾಂತ ತೆಗೆಯಲು ಜೇಬಿಗೆ ಕೈ ಹಾಕಿದರು.

"ಕಲ್ಲಿಗೂನಾ ಬೀಗರೇ?" ಎಂದರು ಚಾಮುಂಡಮ್ಮ.

ನಾಮಕರಣದ ಬೆಳಗ್ಗೆ ಮನೆ ತುಂಬಾ ಜನ. ಈ ಊರಲ್ಲಿ ನೆಲೆಸಿದ್ದ ಬೆಂಗಳೂರು, ಮೈಸೂರಿನ ಕಂಪ್ಯೂಟರ್ ಮಂದಿ ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಹೊಸ ಸ್ಪ್ರಿಂಗ್ ತೊಟ್ಟಿಲಿಗೆ ಹೂವು ಸುತ್ತಿ ನಡುಮನೆಯಲ್ಲಿ ನಿಲ್ಲಿಸಿದ್ದರು. ಹಿಂದಿನ ದಿನ ಸಂಜೆಯಿಂದ ಮಗು ಅದರಲ್ಲಿ ಹೊಡೆದು ಮಲಗಿಸಿದಂತೆ ಮಲಗಿತ್ತು, ಅನನ್ಯಳ ಮುಖದಲ್ಲಿ ಕಳೆ ಬಂದಿತ್ತು. ರಾಯರು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಬೆವರುತ್ತಿದ್ದರು.

ಅಷ್ಟರಲ್ಲಿ ಬಾಗಿಲಿನಿಂದ ಗುರುದತ್ತನ ದನಿ. "ಮಾವ! ಬಿಟ್ರು! ಬಿಟ್ಬಿಟ್ರು!"

ಲಿಫ್ಟಿನಿಂದ ಇಬ್ಬರು ಹೊತ್ತುಕೊಂಡು ಬಂದರು. ಹಲಸಿನ ಮರದ ತೊಟ್ಟಿಲು, ಜೇನಿನ ಬಣ್ಣ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಮನೆಯವರೆಲ್ಲ "ಆಹಾ" ಅಂದರು. ರಾಯರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. ಚಾಮುಂಡಮ್ಮ ತಾವೇ ಹೂವು ಸುತ್ತಿದ್ದ ಸ್ಪ್ರಿಂಗ್ ತೊಟ್ಟಿಲನ್ನು ಎಳೆದುಕೊಂಡು ಹೋಗಿ ಬಾಲ್ಕನಿಯಲ್ಲಿಟ್ಟು ಬಂದರು.

"ರೀ, ಇದನ್ನ ಪರೀಕ್ಷೆ ಮಾಡಲ್ವಾ?" ಎಂದು ತುಳಸಿ ಕಿವಿಯಲ್ಲಿ ಕೇಳಿದರು.

"ಸುಬ್ರಾಯಾಚಾರಿ ಮಾಡಿದ್ದನ್ನಾ?" ಎಂದರು ರಾಯರು. ಹೆಂಡತಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂದು ಅವರಿಗೆ ನಗು ಬಂತು.

ಹೆಂಗಸರು ಸುತ್ತ ನಿಂತರು. ಕುಟ್ಟಾಣಿಯ ಗುಂಡುಕಲ್ಲಿಗೆ ರೇಷ್ಮೆಯ ತುಂಡು ಸುತ್ತಿ, ಕುಂಕುಮವಿಟ್ಟು, ಅತ್ತಿಂದಿತ್ತ ದಾಟಿಸಿ, ಗುಂಡಪ್ಪನನ್ನು ಮರದ ತೊಟ್ಟಿಲಲ್ಲಿ ಮಲಗಿಸಿದರು. ತೂಗಿದರು. 'ಕಿರ್ರ್' ಎಂದಿತು. ಇನ್ನೊಮ್ಮೆ ತೂಗಿದರು. ಕಾಲಿನ ಬೆಣೆಯೊಂದು 'ಟಪ್' ಎಂದು ಸಿಡಿದು, ಹಾರಿ, ಹೋಳಿಗೆಯ ತಟ್ಟೆಯಲ್ಲಿ ಬಿತ್ತು. ತೊಟ್ಟಿಲು ಒಂದು ಕಡೆ ವಾಲಿತು, ಗುಂಡಪ್ಪ ಉರುಳಿ ಗಿಳಿಗೆ ತಲೆ ಬಡಿದು ನಿಂತ.

ಬಿಸಿ ಕೋಣೆಯಲ್ಲಿ ಮರ ಒಣಗಿ ಬೆಣೆಗಳೆಲ್ಲ ಸಡಿಲವಾಗಿದ್ದವು. ಹೊಗೆ ಬೇಡವೆಂದು ರುಜು ಹಾಕಿದ್ದು ರಾಯರೇ.

ಯಾರೂ ನಗಲಿಲ್ಲ. ಎಲ್ಲರೂ ಮರ್ಯಾದಸ್ಥರು, ಹೆಣ್ಣಿನ ತಂದೆಯ ಮುಖ ನೋಡದೆ ಗೋಡೆ, ಫ್ಯಾನು ನೋಡಿದರು. ಚಾಮುಂಡಮ್ಮ ಮುಂದೆ ಬಂದು ತೊಟ್ಟಿಲಿನ ಅಂಚನ್ನು ಸವರಿದರು.

"ಏನೂ ಆಗಿಲ್ಲ ಬೀಗರೇ," ಎಂದರು. "ಬಹಳ ಚೆನ್ನಾಗಿದೆ."

ರಾಯರು ಬೆಚ್ಚಿಬಿದ್ದರು. ಆ ದನಿ ಅವರಿಗೆ ಗೊತ್ತಿತ್ತು. ನಿಂಬೆಹಣ್ಣಿನ ಯಂತ್ರಕ್ಕೆ, ಕಾಲೊರಸಿಗೆ, ಮಡಿಸಲಾಗದ ಛತ್ರಿಗೆ ತಾವು ಅಂದ ದನಿಯೇ ಅದು, ಒಂದು ಎಳೆ ಆಚೀಚೆಯಿಲ್ಲ. ಹಾಗಾದರೆ ಈಕೆಗೆ ಮೊದಲ ದಿನದಿಂದಲೂ ಎಲ್ಲವೂ ಗೊತ್ತಿತ್ತು! ಗೊತ್ತಿದ್ದೂ ದಿನದಿನವೂ ತಂದು, ಈ ಮನುಷ್ಯ ಎಂದಾದರೂ ನಿಜ ಹೇಳುತ್ತಾನೋ ಎಂದು ಕಾಯುತ್ತಿದ್ದಳು. ಈಗ ನನ್ನ ಮರ್ಯಾದೆ ಉಳಿಸಲೆಂದು ಅದೇ ಸುಳ್ಳನ್ನು ತಾನೂ ಹೇಳಿದ್ದಾಳೆ. ರಾಯರಿಗೆ ನಾಚಿಕೆಯಾಯಿತು, ಕಣ್ಣು ಹನಿಗೂಡಿತು, ಅದರ ಹಿಂದೆಯೇ ತಡೆಯಲಾಗದ ಹಾಗೆ ನಗುವೂ ಬಂತು.

"ಚೆನ್ನಾಗಿಲ್ಲ," ಎಂದರು ಗಟ್ಟಿಯಾಗಿ. "ಇದು ನಾನು ಮಾಡಿಸಿದ ತೊಟ್ಟಿಲು. ರಿಜೆಕ್ಟು. ಬೆಣೆ ಹೊಡೆದು ಸರಿಮಾಡೋ ತನಕ ಇದರ ಹತ್ರ ಮಗು ತರಬೇಡಿ."

ಎಂದವರೇ ಬಾಲ್ಕನಿಗೆ ಹೋಗಿ, ಸ್ಪ್ರಿಂಗ್ ತೊಟ್ಟಿಲನ್ನು ತಾವೇ ಎಳೆದು ತಂದು ನಡುಮನೆಯಲ್ಲಿ ನಿಲ್ಲಿಸಿದರು. ಬಂದವರ ಕಡೆ ತಿರುಗಿ ಕೈ ಮುಗಿದರು.

"ಇದು ಬೀಗಿತ್ತಿ ತಂದ ತೊಟ್ಟಿಲು. ಕೆಳಗಿನ ಎರಡು ರಿಂಗಿಟ್ ಅಂಗಡೀದು. ಯಾರೂ ಭಯಪಡಬೇಡಿ, ಇದರ ಜೊತೆದನ್ನ ನಾನೇ ಒಳಗೆ ಮಲಗಿ ನೋಡಿದ್ದೀನಿ."

"ಫೋಟೋ ಇದೆ," ಎಂದರು ತುಳಸಿ.

ಆಮೇಲಿನ ನಗುವಿಗೆ ಎದುರು ಮನೆಯವರೂ ಬಾಗಿಲು ತೆಗೆದು ನೋಡಿದರು. ಫೋಟೋ ಕೈಯಿಂದ ಕೈಗೆ ಹೋಯಿತು. ಯಾರೋ ಗುಂಡಪ್ಪನನ್ನು ಈ ತೊಟ್ಟಿಲಿಗೆ ಬದಲಾಯಿಸಲು ಹೋದರೆ, "ಬೇಡ ಬಿಡ್ರಮ್ಮ, ಗುಂಡಪ್ಪನ್ನ ನಿನ್ನೇನೇ ಮಲಗಿಸಿ ಆಗಿದೆ," ಎಂದರು ಚಾಮುಂಡಮ್ಮ, ರಾಯರ ಕಡೆ ನೋಡುತ್ತ. ಮಗುವಿನ ಕಿವಿಯಲ್ಲಿ ವಿಸ್ಮಯಾ ಎಂದು ಹೆಸರು ಹೇಳಿದರು. ಜೋಲಿಯಲ್ಲಿ ಮಲಗಿಸಿ ಒಂದು ಸಲ ಎಳೆದು ಬಿಟ್ಟರು. ಅಷ್ಟು ಗಲಾಟೆಯಲ್ಲೂ ಅದು ಒಂದು ಆಕಳಿಕೆ ತೆಗೆದು ನಿದ್ದೆ ಹೋಯಿತು.

ಊಟ ಮುಗಿದು ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಹೊರಟ ಮೇಲೆ ಚಾಮುಂಡಮ್ಮ ರಾಯರ ಹತ್ತಿರ ಬಂದರು. ತಾಂಬೂಲದ ಜೊತೆ ಕೊಡಲೆಂದು ತಂದಿದ್ದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದು ಉಳಿದಿತ್ತು. ಅದನ್ನು ಅವರ ಕೈಗಿಟ್ಟರು.

"ಹೇಗಿದೆ ಬೀಗರೇ?"

ತುಳಸಿ ದೂರದಿಂದಲೇ ಕಣ್ಣು ಅಗಲಿಸಿದರು. ರಾಯರು ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೆಂಡತಿಯ ಕಡೆ ನೋಡಲಿಲ್ಲ.

"ದರಿದ್ರ ಡಬ್ಬಿ ಬೀಗಿತ್ತಿಯವರೇ. ಮುಚ್ಚಳವೇ ಕೂರಲ್ಲ."

ಚಾಮುಂಡಮ್ಮನ ಮುಖ ಅರಳಿತು. "ಅಬ್ಬ, ಇವತ್ತು ಬೀಗರಾದ್ರಿ ನೋಡಿ," ಎಂದು ಡಬ್ಬಿಯನ್ನು ಅವರ ಕೈಯಿಂದ ಕಸಿದುಕೊಂಡರು. "ನಾಳೆ ಬೆಳಗ್ಗೆ ಹೋಗಿ ಬದಲಾಯಿಸಿಕೊಂಡು ಬರೋಣ. ಅಯಸ್ಕಾಂತ ಮರೀಬೇಡಿ."